ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ಯಾನ್ಸರ್ ಕೋಶದ ಕ್ರೊಮಾಟಿನ್ ಮತ್ತು ಬೆಳಕಿನ ಸೂಕ್ಷ್ಮದರ್ಶಕ

ಬಯಾಪ್ಸಿ ವರದಿಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಟಿಪ್ಪಣಿಗೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಜೀವಕೋಶದ ಕೇಂದ್ರದೊಳಗಿರುವ (ಕೇಂದ್ರ ಎಂದರೆ ನ್ಯೂಕ್ಲಿಯಸ್) ಕ್ರೊಮಾಟಿನ್, ಎಂದರೆ ಡಿಎನ್ಎ ಮತ್ತು ಅದು ಸುತ್ತಿಕೊಂಡಿರುವ ಪ್ರೋಟೀನುಗಳ ಬಗ್ಗೆಯೇ ಇರುವುದರಿಂದ ಈ ಬಾರಿಯ ಅಂಕಣವನ್ನು ಆ ಒಂದು ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಅಕ್ಕನ ಗರ್ಭಕಂಠದ ಪ್ಯಾಪ್ ಪರೀಕ್ಷೆಯ ವರದಿಯಲ್ಲಿ ‘ಎಚ್‌ಎಸ್‌ಐಎಲ್’ ಎಂದು ಬರೆದಿದ್ದಾರೆ. ಅದರ ಕೆಳಗೆ ‘ಹೈಪರ್‌ಕ್ರೊಮ್ಯಾಟಿಕ್ ನ್ಯೂಕ್ಲಿಯಸ್, ಒರಟು ಕ್ರೊಮಾಟಿನ್, ಕೇಂದ್ರಪೊರೆ ಅಂಕುಡೊಂಕು’ ಎಂಬ ಮಾತುಗಳಿವೆ. ಕ್ಯಾನ್ಸರ್ ಆಗಿದೆ ಎಂದೇ ಇದರ ಅರ್ಥವೇ? – ಶಿಕ್ಷಕಿ, ಶಿವಮೊಗ್ಗ

ಉತ್ತರ: ಕ್ಯಾನ್ಸರ್ ಆಗಿದೆ ಎಂದು ಈ ವರದಿ ಹೇಳುತ್ತಿಲ್ಲ. ಆದರೆ ಮುಂದಿನ ಪರೀಕ್ಷೆಯನ್ನು ತಡಮಾಡದೆ ಮಾಡಿಸಲೇಬೇಕು ಎಂದು ಖಂಡಿತವಾಗಿ ಹೇಳುತ್ತಿದೆ. 1988ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ್ದ ತಜ್ಞರು ರೂಪಿಸಿದ ವರದಿ ಪದ್ಧತಿಯಲ್ಲಿ ಎಚ್‌ಎಸ್‌ಐಎಲ್ ಎಂಬುದು ಒಂದು ವರ್ಗ. ಗರ್ಭಕಂಠದ ಮೇಲ್ಪದರದ ಕೋಶಗಳಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಗಳು ತೀವ್ರ ಮಟ್ಟದಲ್ಲಿ ಕಂಡುಬಂದಾಗ ಈ ಹೆಸರನ್ನು ಬರೆಯುತ್ತಾರೆ. ಮುಂದಿನ ಹೆಜ್ಜೆಯಾಗಿ ಸ್ತ್ರೀರೋಗ ತಜ್ಞರು ಕಾಲ್ಪೋಸ್ಕೊಪ್ ಎಂಬ, ದೊಡ್ಡದಾಗಿ ತೋರಿಸುವ ಉಪಕರಣದ ಮೂಲಕ ಗರ್ಭಕಂಠವನ್ನು ನೋಡಿ, ಅನುಮಾನವಿರುವ ಜಾಗದಿಂದ ಚಿಕ್ಕ ತುಣುಕನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಈ ಹಂತದಲ್ಲಿ ಸಿಕ್ಕಿದ್ದನ್ನು ಆ ಭಾಗವನ್ನಷ್ಟೇ ತೆಗೆದು ಗುಣಪಡಿಸಲು ಸಾಧ್ಯವಿರುವುದರಿಂದ, ನಿಮ್ಮ ಅಕ್ಕನವರು ಹೆದರಿ ಮನೆಯಲ್ಲಿ ಕೂರುವುದಕ್ಕಿಂತ ಈ ವಾರವೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಇನ್ನು ಆ ಮೂರು ಮಾತುಗಳು. ಆರೋಗ್ಯವಂತ ಗರ್ಭಕಂಠದಿಂದ ಬಂದ ನಡುಪದರದ ಕೋಶವೊಂದನ್ನು ಸ್ಲೈಡಿನಲ್ಲಿ ನೋಡಿದರೆ, ಅಗಲವಾದ, ತೆಳುವಾದ, ಮೂಲೆಮೂಲೆಯಾದ ಕೋಶದ ನಡುವೆ ಸುಮಾರು 35 ಚದರ ಮೈಕ್ರಾನ್ ವಿಸ್ತೀರ್ಣದ ಪುಟ್ಟ ಕೇಂದ್ರ ಕಾಣುತ್ತದೆ. ಅದರೊಳಗೆ ಕ್ರೊಮಾಟಿನ್ ನುಣ್ಣಗೆ, ಎಲ್ಲ ಕಡೆ ಒಂದೇ ಸಮನಾಗಿ ಹರಡಿಕೊಂಡಿರುತ್ತದೆ. ಉಳಿದ ಕೋಶಗಳನ್ನು ಅಳೆಯಲು ನಾವು ಈ ಕೇಂದ್ರವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ. ಎಚ್‌ಎಸ್‌ಐಎಲ್ ಕೋಶದಲ್ಲಿ ಕೋಶವೇ ಚಿಕ್ಕದಾಗಿದ್ದು ಕೇಂದ್ರವು ಅದರ ಬಹುಪಾಲನ್ನು ತುಂಬಿಕೊಂಡಿರುತ್ತದೆ. ಬಣ್ಣವನ್ನು ಹೆಚ್ಚಾಗಿ ಹೀರಿ ಕಡುನೀಲಿಯಾಗಿರುತ್ತದೆ; ‘ಹೈಪರ್‌ಕ್ರೊಮ್ಯಾಟಿಕ್’ ಎಂದರೆ ಇದೇ. ಒಳಗಿನ ಕ್ರೊಮಾಟಿನ್ ಕಾಳುಕಾಳಾಗಿರುತ್ತದೆ. ದುಂಡಗಿರಬೇಕಾದ ಕೇಂದ್ರಪೊರೆಯ ಅಂಚಿನಲ್ಲಿ ಮಡಿಕೆಗಳೂ ಕಚ್ಚುಗಳೂ ಕಾಣುತ್ತವೆ.

ಈ ಲಕ್ಷಣಗಳಲ್ಲಿ ಕಪ್ಪು ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಸಾಯುತ್ತಿರುವ ಕೋಶದ ಕೇಂದ್ರವೂ ಕುಗ್ಗಿ ಕಪ್ಪಾಗುತ್ತದೆ, ಆದರೆ ಅದರೊಳಗೆ ಯಾವ ವಿವರವೂ ಉಳಿಯದೆ ಮಸಿಯ ಚುಕ್ಕೆಯಂತಾಗಿರುತ್ತದೆ. ಮುಟ್ಟು ನಿಂತ ಮಹಿಳೆಯರ ಸ್ಲೈಡುಗಳಲ್ಲಿ ಇಂಥ ಕೇಂದ್ರಗಳು ಸಾಕಷ್ಟು ಸಿಗುತ್ತವೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಬಿ12 ಇಲ್ಲವೆ ಫೋಲೇಟ್ ಕೊರತೆಯಿರುವವರಲ್ಲಿ ಕೇಂದ್ರ ದೊಡ್ಡದಾಗುವುದುಂಟು. ಆದ್ದರಿಂದಲೇ ವರದಿ ಬರೆಯುವವರು ಕಪ್ಪಿನ ಜೊತೆಗೆ ಕಾಳಿನ ಒರಟುತನ, ಅಂಚಿನ ಆಕಾರ, ಕೋಶಕ್ಕೂ ಕೇಂದ್ರಕ್ಕೂ ಇರುವ ಪ್ರಮಾಣ ಇವೆಲ್ಲವನ್ನೂ ಸೇರಿಸಿ ನೋಡುತ್ತಾರೆ. ಗ್ರೀಸ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಿದ ಜಾರ್ಜ್ ಪಾಪನಿಕೊಲಾವ್ ಅವರು 1928ರಲ್ಲಿ, ಉದುರಿದ ಕೋಶಗಳನ್ನು ಹೀಗೆ ನೋಡಿ ಕ್ಯಾನ್ಸರ್ ಗುರುತಿಸುವ ವಿಚಾರವನ್ನು ಮೊದಲು ಮಂಡಿಸಿದಾಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರೌಟ್ ಅವರ ಜೊತೆಗೂಡಿ 1940ರ ದಶಕದ ಆರಂಭದಲ್ಲಿ ವಿವರವಾಗಿ ಪ್ರಕಟಿಸಿದ ಮೇಲೆಯೇ ಅದು ಬಳಕೆಗೆ ಬಂದಿತು. 1920ರ ದಶಕದ ಕೊನೆಯಲ್ಲೇ ರುಮೇನಿಯಾದ ಆರೆಲ್ ಬಾಬೆಶ್ ಅವರೂ ಸ್ವತಂತ್ರವಾಗಿ ಇಂಥದೇ ವಿಧಾನವನ್ನು ಕಂಡುಕೊಂಡಿದ್ದರು. ಪರೀಕ್ಷೆಯ ಹೆಸರಿನಲ್ಲಿ ಅವರಿಗೆ ಪಾಲು ಸಿಗಲಿಲ್ಲ.

ಪ್ರಶ್ನೆ: ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೊಮೀಟರ್‌ಗಿಂತ ಚಿಕ್ಕ ವಿವರಗಳು ಕಾಣುವುದಿಲ್ಲ ಎಂದು ಓದಿದ್ದೇವೆ. ಡಿಎನ್ಎ ಪ್ರೋಟೀನಿಗೆ ಸುತ್ತಿಕೊಂಡು ಆಗುವ, ಕ್ರೊಮಾಟಿನ್‌ನ ಮೂಲ ಘಟಕವಾದ ನ್ಯೂಕ್ಲಿಯೊಸೋಮಿನ ಅಡ್ಡಳತೆ 11 ನ್ಯಾನೊಮೀಟರ್ ಮಾತ್ರ. ಹಾಗಿದ್ದಮೇಲೆ ಕ್ರೊಮಾಟಿನ್‌ನಲ್ಲಿ ಆಗುವ ಬದಲಾವಣೆಯನ್ನು ಈ ಉಪಕರಣದಿಂದ ಅರಿಯುತ್ತೇವೆ ಎನ್ನುವುದು ಹೇಗೆ ಸರಿಯಾಗುತ್ತದೆ? – ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ನಿಜ ಹೇಳಬೇಕೆಂದರೆ ಪರಿಸ್ಥಿತಿ ನೀವು ಬರೆದದ್ದಕ್ಕಿಂತಲೂ ಬಿಗಿಯಾಗಿದೆ. ಜರ್ಮನಿಯ ಯೇನಾದಲ್ಲಿದ್ದ ಅರ್ನ್‌ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟಂತೆ, ಪಕ್ಕಪಕ್ಕದ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವಿನ ಅಂತರವು ಬೆಳಕಿನ ತರಂಗಾಂತರವನ್ನು ಮಸೂರದ ಅಂಕೀಯ ದ್ವಾರದ (ಮಸೂರ ಎಷ್ಟು ಅಗಲದ ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂಬುದರ ಅಳತೆ) ಎರಡರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆಗಿಂತ ಕಡಿಮೆ ಇರಬಾರದು. 550 ನ್ಯಾನೊಮೀಟರ್‌ನ ಹಸಿರು ಬೆಳಕು, 1.4 ದ್ವಾರದ ಎಣ್ಣೆ ಮಸೂರ ಎಂದು ಇಟ್ಟುಕೊಂಡರೆ 196 ನ್ಯಾನೊಮೀಟರ್ ಬರುತ್ತದೆ. ಆದರೆ ಆಸ್ಪತ್ರೆಗಳಲ್ಲಿ ದಿನನಿತ್ಯದ ವರದಿಗಳಿಗೆ ಹೆಚ್ಚಾಗಿ ಬಳಕೆಯಾಗುವುದು 40 ಪಟ್ಟಿನ, 0.65 ದ್ವಾರದ ಒಣ ಮಸೂರ. ಅದರಲ್ಲಿ ಮಿತಿ 420 ನ್ಯಾನೊಮೀಟರ್‌ಗೆ ಏರುತ್ತದೆ. ಎಂದರೆ ಒಂದು ‘ಬಿಂದು’ವಿನ ಅಡ್ಡಗಲದಲ್ಲಿ ಮೂವತ್ತಕ್ಕೂ ಹೆಚ್ಚು ನ್ಯೂಕ್ಲಿಯೊಸೋಮ್‌ಗಳು ಸಾಲಾಗಿ ಹಿಡಿಸಬಹುದು.

ಹಾಗಿದ್ದರೂ ಏನೋ ತಿಳಿಯುತ್ತದೆ, ಏಕೆಂದರೆ ಒಂದೊಂದು ಎಳೆಯನ್ನೂ ಬಿಡಿಸಿ ನೋಡುವುದು ನಮ್ಮ ಉದ್ದೇಶವಲ್ಲ. ಸೀರೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನೂಲಿನ ಎಳೆಗಳನ್ನು ಎಣಿಸಲಾಗದಿದ್ದರೂ ನೇಯ್ಗೆ ಎಲ್ಲಿ ಒತ್ತಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದು ಕಣ್ಣಿಗೆ ತಿಳಿಯುತ್ತದೆ. ಸ್ಲೈಡಿನಲ್ಲಿ ನಾವು ಓದುವುದೂ ಆ ಒತ್ತು ಮತ್ತು ಸಡಿಲಗಳನ್ನೇ. ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್ಎಯನ್ನು ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್ ಆಗುತ್ತದೆ. ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡು, ಕೆಲವೇ ಮೈಕ್ರಾನ್ ಅಡ್ಡಳತೆಯ ಕೇಂದ್ರದಲ್ಲಿ ಅಡಗಿರಬೇಕು. ಬಳಕೆಯಲ್ಲಿರುವ ವಂಶವಾಹಿಗಳ ಭಾಗ ಸಡಿಲವಾಗಿಯೂ ಬಳಕೆಯಲ್ಲಿಲ್ಲದ ಭಾಗ ಬಿಗಿಯಾಗಿಯೂ ಇರುತ್ತದೆ. ಬಿಗಿಯಾದ ಭಾಗವನ್ನು 1928ರಲ್ಲಿ ಎಮಿಲ್ ಹೈಟ್ಸ್ ಹೆಟೆರೊಕ್ರೊಮಾಟಿನ್ ಎಂದು ಗುರುತಿಸಿದ್ದು ಹಾವಸೆ ಸಸ್ಯಗಳ ಕೋಶಗಳಲ್ಲಿ. ಅವರ ಕೈಯಲ್ಲಿದ್ದದ್ದೂ ಬೆಳಕಿನ ಸೂಕ್ಷ್ಮದರ್ಶಕವೇ.

ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ಚಿತ್ರಿಸಿರುವ 30 ನ್ಯಾನೊಮೀಟರ್ ದಪ್ಪದ ಕ್ರೊಮಾಟಿನ್ ಸುರುಳಿಯನ್ನು ಪರೀಕ್ಷೆಗಾಗಿ ನೀವು ಬರೆಯಲೇಬೇಕಾಗಬಹುದು. ಆದರೆ 2017ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇಡೀ ಕೋಶದೊಳಗೇ ನೋಡಿದಾಗ ಕಂಡದ್ದು 5ರಿಂದ 24 ನ್ಯಾನೊಮೀಟರ್ ದಪ್ಪದ, ಕ್ರಮವಿಲ್ಲದ ಎಳೆಗಳು. ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದದ್ದು ಆ ಎಳೆಗಳು ಎಷ್ಟು ಒತ್ತೊತ್ತಾಗಿವೆ ಎಂಬುದು. ಸಾಂದ್ರತೆಯನ್ನೇ ನೋಡುವ ನಮ್ಮ ಹಳೆಯ ಅಭ್ಯಾಸಕ್ಕೆ ಇದರಿಂದ ಒಂದಿಷ್ಟು ಬಲ ಬಂದಂತಾಗಿದೆ ಎಂದು ನಾನು ತಿಳಿಯುತ್ತೇನೆ.

ರೋಗಪತ್ತೆಯಲ್ಲಿ ಈ ಸಾಂದ್ರತೆಯ ವಿನ್ಯಾಸ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರ್ ಒಳ್ಳೆಯ ಉದಾಹರಣೆ. ಅಲ್ಲಿ ಕ್ರೊಮಾಟಿನ್ ಸಣ್ಣ ಹರಳುಗಳಾಗಿ ಕೇಂದ್ರದ ತುಂಬ ಹರಡಿದ್ದು, ‘ಉಪ್ಪು–ಮೆಣಸು’ ಎಂದು ನಾವು ಕರೆಯುವ ನೋಟ ಬರುತ್ತದೆ. ಕೇಂದ್ರದೊಳಗಿನ ದುಂಡು ಚುಕ್ಕೆಯಾದ ನ್ಯೂಕ್ಲಿಯೊಲಸ್ ಕಂಡೂ ಕಾಣದಂತಿರುತ್ತದೆ. ಕೋಶಗಳು ಒಂದನ್ನೊಂದು ಒತ್ತಿಕೊಂಡು ಕೇಂದ್ರಗಳ ಆಕಾರವೇ ಪಕ್ಕದ ಕೇಂದ್ರಕ್ಕೆ ಹೊಂದಿಕೊಂಡಂತಿರುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಇದಕ್ಕೆ ವಿರುದ್ಧವಾಗಿ ನ್ಯೂಕ್ಲಿಯೊಲಸ್ಸೇ ಎದ್ದು ಕಾಣುತ್ತದೆ. ಥೈರಾಯ್ಡ್‌ನ ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಕ್ರೊಮಾಟಿನ್ ಅಂಚಿಗೆ ಸರಿದು ಕೇಂದ್ರದ ನಡುಭಾಗ ಖಾಲಿ ಗಾಜಿನಂತೆ ತೋರುತ್ತದೆ. ಇದರ ಬಗ್ಗೆ ಮುಂದಿನ ಉತ್ತರದಲ್ಲಿ ಇನ್ನೊಂದು ಮಾತಿದೆ.

ಅಬ್ಬೆಯ ಮಿತಿಯ ಕೆಳಗೆ ಇಳಿಯುವ ಪ್ರಯತ್ನಗಳು ಎರಡು ದಾರಿಯಲ್ಲಿ ನಡೆದಿವೆ. ಮೊದಲನೆಯದು ಚಿತ್ರದಲ್ಲಿ ಬಿಡಿಸಿ ಕಾಣದಿದ್ದರೂ ಬೆಳಕಿನ ವರ್ಣಪಟಲದಲ್ಲಿ ಉಳಿಯುವ ಗುರುತನ್ನು ಹಿಡಿಯುವುದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಾದಿಮ್ ಬ್ಯಾಕ್‌ಮನ್ ಅವರ ತಂಡ 2008ರಲ್ಲಿ ಪ್ರಕಟಿಸಿದ ಪಿಡಬ್ಲ್ಯುಎಸ್ ವಿಧಾನದಲ್ಲಿ, ಕೋಶದಿಂದ ಹಿಂದಿರುಗಿದ ಬಿಳಿ ಬೆಳಕನ್ನು ಪ್ರತಿ ಬಿಂದುವಿನಲ್ಲೂ ತರಂಗಾಂತರಗಳಾಗಿ ವಿಂಗಡಿಸಿ, ಅದರ ಏರಿಳಿತದಿಂದ ಒಳಗಿನ ಸಾಂದ್ರತೆ ಎಷ್ಟು ಅಸ್ತವ್ಯಸ್ತವಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಕೆಲವೇ ಹತ್ತು ನ್ಯಾನೊಮೀಟರ್‌ಗಳ ಏರುಪೇರಿಗೂ ಈ ಅಳತೆ ಸ್ಪಂದಿಸುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಕೆನ್ನೆಯ ಒಳಗೋಡೆಯಿಂದ ಕೆರೆದ ಕೋಶಗಳು ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಸಹಜವಾಗಿ ಕಂಡರೂ ಈ ಅಳತೆಯಲ್ಲಿ ಬೇರೆಯಾಗಿ ಕಂಡವು ಎಂಬುದು ಅದೇ ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶ. ಹೊಗೆ ಬಾಯಿಯಿಂದ ಶ್ವಾಸಕೋಶದವರೆಗಿನ ಇಡೀ ದಾರಿಯನ್ನು ಕೆಡಿಸುತ್ತದೆ, ಗಡ್ಡೆ ಮಾತ್ರ ಒಂದು ಕಡೆ ಏಳುತ್ತದೆ ಎಂಬ ವಿಚಾರ ಇದರ ಹಿಂದಿದೆ.

ಎರಡನೆಯದು ಹೊಳೆಯುವ ಅಣುಗಳನ್ನು ಒಂದೊಂದಾಗಿ ಮಿನುಗಿಸಿ ಪ್ರತಿಯೊಂದರ ನಡುಬಿಂದುವನ್ನು ಗುರುತಿಸುವ ಸ್ಟಾರ್ಮ್ ಎಂಬ ವಿಧಾನ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಇಂಥ ಅತಿಸೂಕ್ಷ್ಮ ದೃಷ್ಟಿ ತಂದುಕೊಟ್ಟ ವಿಧಾನಗಳಿಗಾಗಿ ಬೆಟ್ಜಿಗ್, ಹೆಲ್ ಮತ್ತು ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಯಾಂಗ್ ಲಿಯು ಅವರ ತಂಡ ಈ ವಿಧಾನವನ್ನು ಆಸ್ಪತ್ರೆಯಲ್ಲಿ ಅಂಗಾಂಶವನ್ನು ಹುದುಗಿಸಿಡುವ ಮೇಣದ ಬ್ಲಾಕುಗಳಿಗೆ ಒಗ್ಗಿಸಿ 2020ರಲ್ಲಿ ತೋರಿಸಿದ್ದು ವಿಚಿತ್ರವಾಗಿದೆ: ಗಡ್ಡೆ ಹುಟ್ಟುವ ಮೊದಲೇ ಬಿಗಿಯಾದ ಹೆಟೆರೊಕ್ರೊಮಾಟಿನ್ ಒಡೆದು ಚೂರಾಗಿ ಸಡಿಲಗೊಳ್ಳತೊಡಗುತ್ತದೆ. ಮಾಮೂಲಿ ಸ್ಲೈಡಿನಲ್ಲಿ ಕಪ್ಪಾಗಿ, ಒರಟಾಗಿ ಕಾಣುವ ಕೇಂದ್ರವೇ ನ್ಯಾನೊ ಅಳತೆಯಲ್ಲಿ ಸಡಿಲವಾಗಿರುವುದು ವಿರೋಧಾಭಾಸದಂತೆ ತೋರಬಹುದು. ಎರಡೂ ಬೇರೆಬೇರೆ ಅಳತೆಯ ಮಾತುಗಳಾದ್ದರಿಂದ ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಒಟ್ಟು ಡಿಎನ್ಎಯ ಪ್ರಮಾಣ ಹೆಚ್ಚಿದಾಗ ಕೇಂದ್ರ ಕಪ್ಪಾಗುತ್ತದೆ. ಅದರೊಳಗಿನ ಮಡಿಕೆಯ ಬಿಗಿ ಸಡಿಲವಾಗುವುದು ಇನ್ನೊಂದು ಸಂಗತಿ. ಈ ಎರಡೂ ವಿಧಾನಗಳು ಸದ್ಯಕ್ಕೆ ಸಂಶೋಧನೆಯ ಸಾಧನಗಳು, ರೋಗಿಯ ವರದಿಯ ಆಧಾರಗಳಲ್ಲ.

ಪ್ರಶ್ನೆ: ಒಂದೇ ರೋಗಿಯ ಎರಡು ಸ್ಲೈಡುಗಳಲ್ಲಿ ಕೇಂದ್ರಗಳು ಬೇರೆಬೇರೆಯಾಗಿ ಕಾಣುತ್ತವೆ; ಒಂದರಲ್ಲಿ ಕ್ರೊಮಾಟಿನ್ ಸ್ಪಷ್ಟ, ಇನ್ನೊಂದರಲ್ಲಿ ಕಲಸಿದಂತೆ. ಡಾಕ್ಟರು ಬಣ್ಣ ಸರಿಯಿಲ್ಲ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿರಬಹುದು? – ಪ್ರಯೋಗಾಲಯ ತಂತ್ರಜ್ಞ, ಹುಬ್ಬಳ್ಳಿ

ಉತ್ತರ: ಬಣ್ಣವನ್ನು ದೂರುವ ಮೊದಲು ಅದರ ಹಿಂದಿನ ಹೆಜ್ಜೆಗಳನ್ನು ನೋಡಿ. ಪ್ಯಾಪ್ ಸ್ಲೈಡಿನಲ್ಲಿ ಕಲಸಿದಂತಹ ಕೇಂದ್ರ ಕಂಡರೆ ಹತ್ತರಲ್ಲಿ ಒಂಬತ್ತು ಸಲ ಸ್ಲೈಡು ಗಾಳಿಗೆ ಒಣಗಿದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ. ಕೋಶಗಳನ್ನು ಹರಡಿದ ಕೂಡಲೇ, ಇನ್ನೂ ಒದ್ದೆಯಿರುವಾಗಲೇ, ಶೇಕಡಾ 95ರ ಆಲ್ಕೊಹಾಲಿಗೆ ಇಳಿಸಬೇಕು. ಹೊರರೋಗಿ ವಿಭಾಗದಲ್ಲಿ ಸ್ಲೈಡಿಗೆ ಹೆಸರು ಬರೆಯುತ್ತ ಕಳೆಯುವ ಅರ್ಧ ನಿಮಿಷದಲ್ಲಿ ಕೋಶ ಒಣಗಿ ಚಪ್ಪಟೆಯಾಗುತ್ತದೆ, ಕೇಂದ್ರ ಹಿಗ್ಗುತ್ತದೆ, ಕ್ರೊಮಾಟಿನ್‌ನ ಗೆರೆಗಳು ಅಳಿಸಿಹೋಗುತ್ತವೆ. ಆದ್ದರಿಂದ ಹೆಸರನ್ನು ಮೊದಲೇ ಬರೆದಿಟ್ಟಿರಿ. ಜೀಮ್ಸಾ ಬಣ್ಣಕ್ಕೆ ಬೇಕೆಂದೇ ಒಣಗಿಸಿದ ಎಫ್‌ಎನ್‌ಎಸಿ (ತೆಳುಸೂಜಿಯಿಂದ ಹೀರಿ ತೆಗೆದ ಕೋಶಗಳ) ಸ್ಲೈಡುಗಳ ಮಾತು ಬೇರೆ; ಆ ಎರಡನ್ನು ಪಕ್ಕಪಕ್ಕ ಇಟ್ಟು ಕೇಂದ್ರದ ಗಾತ್ರವನ್ನು ಹೋಲಿಸಬಾರದು.

ಅಂಗಾಂಶದ ತುಣುಕಾದರೆ ಫಾರ್ಮಲಿನ್ ಕಡೆ ಗಮನ ಕೊಡಿ. ತುಣುಕಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು. ಅದು ಒಳಕ್ಕೆ ಇಳಿಯುವುದು ನಿಧಾನ. ದೊಡ್ಡ ತುಣುಕನ್ನು ಸೀಳದೆ ಹಾಗೆಯೇ ಡಬ್ಬಿಗೆ ಹಾಕಿದರೆ ಹೊರಭಾಗದ ಕೇಂದ್ರಗಳು ಚೆನ್ನಾಗಿ ಉಳಿದು ನಡುಭಾಗದವು ಕೆಟ್ಟಿರುತ್ತವೆ. ಆಗ ಒಂದೇ ಬ್ಲಾಕಿನಲ್ಲಿ ಎರಡು ರೋಗಗಳಿವೆಯೇನೋ ಎಂಬಷ್ಟು ವ್ಯತ್ಯಾಸ ಕಾಣುತ್ತದೆ. ಬ್ಲಾಕಿನಿಂದ ಕತ್ತರಿಸುವ ತೆಳು ಹೋಳು, ಎಂದರೆ ಸೆಕ್ಷನ್, 3–4 ಮೈಕ್ರಾನ್‌ಗಿಂತ ದಪ್ಪವಾದರೆ ಕೇಂದ್ರಗಳು ಒಂದರ ಮೇಲೊಂದು ಬಿದ್ದು ಸಹಜ ಕೋಶವೂ ಕಪ್ಪಾಗಿ ತೋರುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕೇಂದ್ರಕ್ಕೆ ನೀಲಿ ಕೊಡುವ ಹೆಮಟಾಕ್ಸಿಲಿನ್ ಕಡೆಗೆ ಬನ್ನಿ. ಮೆಕ್ಸಿಕೊ ಭಾಗದ ಒಂದು ಮರದ ತಿರುಳಿನಿಂದ ಬರುವ ಈ ಬಣ್ಣ ಉತ್ಕರ್ಷಣಗೊಂಡು, ಅಲ್ಯುಮಿನಿಯಂ ಲವಣದ ಜೊತೆ ಸೇರಿದ ಮೇಲೆಯೇ ಕೇಂದ್ರವನ್ನು ಹಿಡಿಯುತ್ತದೆ. ಹಳತಾದಂತೆ ಶಕ್ತಿ ಕುಂದುತ್ತದೆ. ಹ್ಯಾರಿಸ್ ಬಣ್ಣವನ್ನು ಹೆಚ್ಚಾಗಿ ಹಾಕಿ ಆಮ್ಲದಲ್ಲಿ ಕಡಿಮೆ ಮಾಡುವ ಪದ್ಧತಿ ನಿಮ್ಮದಾಗಿದ್ದರೆ, ಆಮ್ಲದಲ್ಲಿ ಅದ್ದುವ ಕ್ಷಣಗಳ ಹೆಚ್ಚುಕಮ್ಮಿಯೇ ಕೇಂದ್ರದ ಕಪ್ಪನ್ನು ನಿರ್ಧರಿಸುತ್ತದೆ. ಕೊನೆಗೆ ನೀಲಿ ಬರಲು ನೀರು ತುಸು ಕ್ಷಾರೀಯವಾಗಿರಬೇಕು. ಬೋರ್‌ವೆಲ್ ನೀರಿಗೂ ನಲ್ಲಿ ನೀರಿಗೂ ಫಲಿತಾಂಶ ಬದಲಾಗುತ್ತಿದ್ದರೆ ಕ್ಷಾರೀಯವಾದ ಸ್ಕಾಟ್ಸ್ ದ್ರಾವಣವನ್ನು ಬಳಸಿ. ಪ್ರತಿ ಬ್ಯಾಚಿನಲ್ಲೂ ಗೊತ್ತಿರುವ ಒಂದು ಸಹಜ ಸ್ಲೈಡನ್ನು ಸೇರಿಸಿ ಬಣ್ಣ ಹಾಕುವ ರೂಢಿಯಿಟ್ಟುಕೊಂಡರೆ ನಿಮಗೂ ಡಾಕ್ಟರಿಗೂ ನಡುವಿನ ವಾದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಸಂಸ್ಕರಣೆಯಿಂದ ಹುಟ್ಟಿದ್ದೆಲ್ಲವೂ ವ್ಯರ್ಥ ಎಂದೂ ತಿಳಿಯಬೇಡಿ. ಮೇಲೆ ಹೇಳಿದ ಥೈರಾಯ್ಡ್ ಕ್ಯಾನ್ಸರ್‌ನ ಖಾಲಿ ಗಾಜಿನಂತಹ ಕೇಂದ್ರ ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ತುಣುಕಿನಲ್ಲಿ ಕಾಣುತ್ತದೆ. ಅದೇ ಗಡ್ಡೆಯನ್ನು ಹೆಪ್ಪುಗಟ್ಟಿಸಿ ಕೂಡಲೇ ಕತ್ತರಿಸಿದ ಫ್ರೋಜನ್ ಸೆಕ್ಷನ್‌ನಲ್ಲಾಗಲಿ ಎಫ್‌ಎನ್‌ಎಸಿಯಲ್ಲಾಗಲಿ ಆ ಖಾಲಿತನ ಸಿಗುವುದಿಲ್ಲ. ಎಂದರೆ ಅದು ಸಂಸ್ಕರಣೆಯ ಫಲ. ಆದರೂ ಪಕ್ಕದ ಸಹಜ ಕೋಶಗಳು ಅದೇ ಫಾರ್ಮಲಿನ್‌ನಲ್ಲಿ ಹಾಗಾಗದಿರುವುದರಿಂದ ಅದು ರೋಗದ ಸುಳಿವಾಗಿ ಉಳಿದಿದೆ.

ಪ್ರಶ್ನೆ: ಕ್ರೊಮಾಟಿನ್ ಕೆಡುವುದರಿಂದ ಕ್ಯಾನ್ಸರ್ ಬರುತ್ತದೆಯೋ, ಕ್ಯಾನ್ಸರ್ ಬಂದದ್ದರಿಂದ ಕ್ರೊಮಾಟಿನ್ ಕೆಡುತ್ತದೆಯೋ? – ನಿವೃತ್ತ ಉಪನ್ಯಾಸಕರು, ತುಮಕೂರು

ಉತ್ತರ: ಎರಡೂ ನಡೆಯುತ್ತವೆ. ವರ್ಣತಂತುಗಳು ಸಮನಾಗಿ ಹಂಚಿಕೆಯಾಗದ ಕೋಶವಿಭಜನೆಗಳನ್ನು 1890ರಲ್ಲೇ ಡೇವಿಡ್ ಫಾನ್ ಹಾನ್ಸೆಮನ್ ಕ್ಯಾನ್ಸರ್ ಗಡ್ಡೆಗಳಲ್ಲಿ ಕಂಡಿದ್ದರು. ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ನಾವು ನೋಡುವ ಕಪ್ಪು ಕೇಂದ್ರ ಇಂಥ ತಪ್ಪು ಹಂಚಿಕೆಗಳಿಂದ ಕೂಡಿಬಂದದ್ದು. ಆದರೆ ಕೆಲವು ಗಡ್ಡೆಗಳಲ್ಲಿ ಮೂಲದೋಷವೇ ಕ್ರೊಮಾಟಿನ್‌ನ ವ್ಯವಸ್ಥೆಯಲ್ಲಿರುತ್ತದೆ. ಎಳೆಯ ಮಕ್ಕಳಲ್ಲಿ ಬರುವ ರ‍್ಯಾಬ್ಡಾಯ್ಡ್ ಗಡ್ಡೆಯಲ್ಲಿ ನ್ಯೂಕ್ಲಿಯೊಸೋಮ್‌ಗಳನ್ನು ಸರಿಸುವ ಯಂತ್ರದ ಒಂದು ಭಾಗವಾದ ಐಎನ್ಐ1 ಪ್ರೋಟೀನು ಇಲ್ಲವಾಗಿರುತ್ತದೆ. ಅದನ್ನು ಬಿಟ್ಟರೆ ವಂಶವಾಹಿಗಳಲ್ಲಿ ಬೇರೆ ದೋಷಗಳು ತೀರ ಕಡಿಮೆ. ಇದು ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ತಿಳಿಯುತ್ತದೆ. ಆ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು ಕಂದುಬಣ್ಣ ಬರುವಂತೆ ಹಾಕಿದಾಗ ರಕ್ತನಾಳದ ಗೋಡೆಯ ಸಹಜ ಕೋಶಗಳ ಕೇಂದ್ರಗಳು ಕಂದಾಗುತ್ತವೆ, ಸುತ್ತಲಿನ ಗಡ್ಡೆಯ ಕೇಂದ್ರಗಳು ಬರಿಯ ನೀಲಿಯಾಗಿಯೇ ಉಳಿಯುತ್ತವೆ. ಮಕ್ಕಳ ಮಿದುಳುಕಾಂಡದಲ್ಲಿ ಬರುವ ಒಂದು ಬಗೆಯ ಗಡ್ಡೆಯಲ್ಲಿ ಹಿಸ್ಟೋನ್ ಪ್ರೋಟೀನಿನ 27ನೇ ಸ್ಥಾನದ ಲೈಸೀನ್ ಜಾಗದಲ್ಲಿ ಮೆಥಿಯೊನೀನ್ ಬಂದಿರುತ್ತದೆ ಎಂಬುದು 2012ರಲ್ಲಿ ತಿಳಿಯಿತು. 2016ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಪ್ರತ್ಯೇಕ ರೋಗವಾಗಿ ಸೇರಿತು. ಅದನ್ನೂ ಇಂಥದೇ ಪ್ರತಿಕಾಯದಿಂದ ಗುರುತಿಸುತ್ತಾರೆ.

ಪ್ರಶ್ನೆ: ಗುಟ್ಕಾ, ಅಡಿಕೆ ಜಗಿಯುವವರ ಬಾಯಲ್ಲಿ ಬಿಳಿ ಮಚ್ಚೆ ಕಂಡಾಗ ಬ್ರಷ್‌ನಿಂದ ಕೋಶ ತೆಗೆದು ಕಂಪ್ಯೂಟರಿನಿಂದ ಕ್ರೊಮಾಟಿನ್ ಅಳೆದರೆ ಬಯಾಪ್ಸಿಯನ್ನು ತಪ್ಪಿಸಬಹುದೇ? – ದಂತವೈದ್ಯಕೀಯ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅಳೆಯುವುದು ಸಾಧ್ಯ, ಬಯಾಪ್ಸಿಯನ್ನು ತಪ್ಪಿಸುವುದು ಸರಿಯಲ್ಲ. ಅಳತೆಗೆ ಹೆಮಟಾಕ್ಸಿಲಿನ್ ಒಳ್ಳೆಯ ಬಣ್ಣವಲ್ಲ, ಏಕೆಂದರೆ ಅದರ ಕಪ್ಪು ಡಿಎನ್ಎಯ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ. 1924ರಲ್ಲಿ ರಾಬರ್ಟ್ ಫೊಯ್ಲ್‌ಗನ್ ಕಂಡುಹಿಡಿದ ವಿಧಾನದಲ್ಲಿ ಆಮ್ಲದಿಂದ ಡಿಎನ್ಎಯ ಕೆಲವು ಕೊಂಡಿಗಳನ್ನು ಬಿಡಿಸಿ ಷಿಫ್ ದ್ರಾವಣ ಹಾಕಿದಾಗ ಬರುವ ಕೆನ್ನೀಲಿಗೆಂಪು, ಡಿಎನ್ಎ ಎಷ್ಟಿದೆಯೋ ಅಷ್ಟೇ ಇರುತ್ತದೆ. ಕ್ಯಾಮೆರಾದಿಂದ ಆ ಬಣ್ಣವನ್ನು ಅಳೆದು, ಸಹಜ ಕೋಶದ ಎರಡು ಪ್ರತಿಗಿಂತ ಡಿಎನ್ಎ ಎಷ್ಟು ಹೆಚ್ಚಿದೆ ಎಂದು ತಿಳಿಯಬಹುದು. ವಿಭಜನೆಗೆ ಸಿದ್ಧವಾದ ಸಹಜ ಕೋಶದಲ್ಲಿ ಅದು ನಾಲ್ಕಾಗುತ್ತದೆ. ಬಾಯಿಯ ಮೇಲ್ಪದರದಲ್ಲಿ ಅದನ್ನೂ ಮೀರಿದ ಕೇಂದ್ರಗಳು ಸಿಕ್ಕರೆ ಅನುಮಾನ ಬಲವಾಗುತ್ತದೆ.

ಪ್ರಮಾಣಕ್ಕಿಂತ ವಿನ್ಯಾಸವನ್ನು ಅಳೆಯುವುದು ಕಠಿಣ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ವರ್ಷಗಳ ಕಾಲ ಕೆಲಸ ಮಾಡಿ, ಸಿಂಗಪುರಕ್ಕೂ ಅಲ್ಲಿಂದ ಸ್ವಿಟ್ಜರ್ಲೆಂಡಿಗೂ ಹೋದ ಜಿ.ವಿ. ಶಿವಶಂಕರ್ ಅವರು ಎಂಐಟಿಯ ಕ್ಯಾರೊಲಿನ್ ಊಲರ್ ಅವರ ಜೊತೆಗೂಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಎನ್ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ ಹಾಕಿದ ಕೇಂದ್ರಗಳ ಚಿತ್ರಗಳನ್ನು ಕಲಿತ ಕಂಪ್ಯೂಟರ್, ಸಹಜ ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಬೇರ್ಪಡಿಸಿತು. ಭರವಸೆಯ ಕೆಲಸ. ಆದರೆ ಹುಬ್ಬಳ್ಳಿಯವರಿಗೆ ಬರೆದ ಉತ್ತರ ಇಲ್ಲಿಗೂ ಅನ್ವಯಿಸುತ್ತದೆ: ಒಂದು ಪ್ರಯೋಗಾಲಯದ ಬಣ್ಣ, ಒಂದು ಕ್ಯಾಮೆರಾ ನೋಡಿ ಕಲಿತ ಯಂತ್ರ ಇನ್ನೊಂದು ಪ್ರಯೋಗಾಲಯದ ಸ್ಲೈಡಿನಲ್ಲಿ ತಡವರಿಸುತ್ತದೆ, ಒಣಗಿ ಹಿಗ್ಗಿದ ಕೇಂದ್ರವನ್ನು ದೊಡ್ಡ ಕೇಂದ್ರ ಎಂದೇ ಎಣಿಸುತ್ತದೆ.

ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವುದು ನಿಮಗೆ ಗೊತ್ತೇ ಇದೆ; ಕರಾವಳಿಯಲ್ಲಿ ನಿಮ್ಮ ಕುರ್ಚಿಗೆ ಬರುವವರಲ್ಲಿ ಜಗಿಯುವವರು ಕಡಿಮೆಯಿರಲಾರರು. ಬ್ರಷ್ ಬಳಸುವುದಾದರೆ ಮಚ್ಚೆಯ ಮೇಲಿನ ಗಟ್ಟಿ ಪೊರೆಯನ್ನಷ್ಟೇ ಸವರಬೇಡಿ. ಅಲ್ಲಿ ಸಿಗುವುದು ಕೇಂದ್ರವೇ ಇಲ್ಲದ, ಸತ್ತ ಕೋಶಗಳು. ಬದಲಾವಣೆ ತಳಪದರದಲ್ಲಿ ಮೊದಲಾಗುವುದರಿಂದ ಸಣ್ಣ ರಕ್ತಬಿಂದುಗಳು ಕಾಣುವವರೆಗೆ ತಿರುಗಿಸಬೇಕು. ಕೆಂಪು ಬೆರೆತ, ಗಟ್ಟಿಯಾದ ಅಥವಾ ಹುಣ್ಣಾದ ಮಚ್ಚೆಗೆ ಬ್ರಷ್ ಬೇಡವೇ ಬೇಡ, ನೇರವಾಗಿ ಬಯಾಪ್ಸಿಗೆ ಕಳುಹಿಸಿ. ಉಳಿದವುಗಳಲ್ಲಿ ಚುಚ್ಚುವ ಹಲ್ಲನ್ನು ಸರಿಪಡಿಸಿ, ಜಗಿಯುವುದನ್ನು ನಿಲ್ಲಿಸಿ ಎರಡು ವಾರ ಕಳೆದ ಮೇಲೂ ಮಚ್ಚೆ ಹಾಗೆಯೇ ಇದ್ದರೆ, ಬ್ರಷ್‌ನ ವರದಿ ಸಹಜ ಎಂದು ಬಂದಿದ್ದರೂ ಬಯಾಪ್ಸಿ ಮಾಡಿಸಿ.